ಕಲ್ಕಿ: ನಾನು ಮೂರು ಸಲ ಓದಿದ ಕಾದಂಬರಿಯ ಲೇಖಕರು

ಅಭ್ಯಾಸ ಬೋಧನೆಯಲ್ಲಿ ನನ್ನ ನಾಲ್ಕನೆಯ ಪಾಠ ಎಂಟನೆಯ ತರಗತಿಗೆ ಇತ್ತು. ವಿಷಯ: ಬಾದಾಮಿಯ ಚಾಲುಕ್ಯರು ಮತ್ತು ಕಂಚಿಯ ಪಲ್ಲವರು. ಪಾಠ ಚೆನ್ನಾಗಿಯೇ ನಡೆಯಿತು ಎಂದುಕೊಂಡಿದ್ದೆ. ಮಕ್ಕಳು ಅಲುಗಾಡದೆ ಕೇಳಿದ್ದರು. ಕೊನೆಗೆ ಮೌಲ್ಯಮಾಪನದ ಹಂತದಲ್ಲಿ, ಪಲ್ಲವ ನರಸಿಂಹವರ್ಮನು ಬಾದಾಮಿಯ ಮೇಲೆ ದಂಡೆತ್ತಿ ಬರಲು ಕಾರಣವೇನು ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಶಿವಕಾಮಿ ಎಂಬ ನರ್ತಕಿ ಮಾಡಿದ ಶಪಥವೇ ಕಾರಣ ಎಂದು ಸ್ಪಷ್ಟವಾಗಿ ಹೇಳಿದಳು. ತರಗತಿಯೆಲ್ಲ ತಲೆಯಾಡಿಸಿತು.

ಆ ಶಿವಕಾಮಿ ಇತಿಹಾಸದಲ್ಲಿ ಇಲ್ಲ. ಅವಳು ಒಂದು ತಮಿಳು ಕಾದಂಬರಿಯ ಪಾತ್ರ. ಪಾಠಕ್ಕೆ ರುಚಿ ಬರಲಿ ಎಂದು ಅವಳನ್ನು ತರಗತಿಗೆ ಕರೆತಂದವಳು ನಾನೇ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ನನ್ನ ವೀಕ್ಷಣಾ ಪುಸ್ತಕದಲ್ಲಿ, ಶಾಸನ ಹೇಳಿದ್ದು ಯಾವುದು, ಕಾದಂಬರಿ ಹೇಳಿದ್ದು ಯಾವುದು ಎಂಬುದು ಮಕ್ಕಳಿಗೆ ಹೇಗೆ ತಿಳಿಯಬೇಕು ಎಂದು ಕೇಳಿ ಬರೆದಿದ್ದರು. ಉತ್ತರ ನನ್ನಲ್ಲಿರಲಿಲ್ಲ. ಅದನ್ನು ಹುಡುಕಿಕೊಂಡು ಆ ಕಾದಂಬರಿಯನ್ನು ಮೂರನೆಯ ಸಲ ಓದಿದೆ, ಅದನ್ನು ಬರೆದವರ ಬದುಕನ್ನೂ ತಿಳಿದುಕೊಂಡೆ. ನಮ್ಮ ಪತ್ರಿಕೆಗೆ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಿ ಎಂದಾಗ ನನಗೆ ಬೇರೆ ಹೆಸರು ತೋಚಲಿಲ್ಲ.

ಕಾದಂಬರಿಯ ಹೆಸರು ‘ಶಿವಕಾಮಿಯಿನ್ ಶಪಥಂ’, ಎಂದರೆ ಶಿವಕಾಮಿಯ ಶಪಥ. ಬರೆದವರು ಕಲ್ಕಿ ಎಂದೇ ಹೆಸರಾದ ರಾ. ಕೃಷ್ಣಮೂರ್ತಿ. ನಮ್ಮದು ಕೋಲಾರದ ಚಿನ್ನದ ಗಣಿಯ ಊರು, ಮನೆಮಾತು ತಮಿಳು, ಓದಿದ್ದು ಕನ್ನಡ ಮಾಧ್ಯಮ. ನನಗೆ ತಮಿಳು ಅಕ್ಷರ ಕಲಿಸಿದವರು ನಮ್ಮ ಪಾಟಿ, ಅಮ್ಮನ ತಾಯಿ. ರಟ್ಟು ಕಿತ್ತುಹೋದ ಈ ಪುಸ್ತಕವೇ ನನಗೆ ಪಠ್ಯಪುಸ್ತಕವಾಗಿತ್ತು. ಮನೆಯಲ್ಲಿ ಮಾಮಲ್ಲ ನರಸಿಂಹನೇ ವೀರ, ಶಾಲೆಯಲ್ಲಿ ಇಮ್ಮಡಿ ಪುಲಿಕೇಶಿಯೇ ವೀರ. ಇಬ್ಬರೂ ಒಬ್ಬರ ಮೇಲೊಬ್ಬರು ಯುದ್ಧ ಮಾಡಿದವರು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಕಲ್ಕಿಯವರು ಹುಟ್ಟಿದ್ದು 1899ರ ಸೆಪ್ಟೆಂಬರ್ 9ರಂದು, ಹಳೆಯ ತಂಜಾವೂರು ಜಿಲ್ಲೆಯ ಪುತ್ತಮಂಗಲಂ ಎಂಬ ಹಳ್ಳಿಯಲ್ಲಿ. ಮಾಯವರಂ ಕಡೆಯ ಕಾವೇರಿ ಬಯಲು ಅದು. ತಂದೆ ರಾಮಸ್ವಾಮಿ ಅಯ್ಯರ್ ಊರಿನ ಲೆಕ್ಕಪತ್ರ ನೋಡುತ್ತಿದ್ದವರು, ನಮ್ಮ ಕಡೆಯ ಶಾನುಭೋಗರಂತೆ. ಹುಡುಗ ಹಳ್ಳಿಯ ಶಾಲೆಯಲ್ಲಿ ಓದಿ ಹೈಸ್ಕೂಲು ಸೇರಿದ. 1921ರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಾಗ, ಶಾಲೆ ಮುಗಿಸುವ ಪರೀಕ್ಷೆ ಎದುರಿಗಿರುವಾಗಲೇ ಓದು ಬಿಟ್ಟ. ಮರುವರ್ಷ ಒಂದು ವರ್ಷದ ಸೆರೆವಾಸ.

ಪ್ರಮಾಣಪತ್ರವೇ ಇಲ್ಲದ ಈ ತರುಣ ಮುಂದೆ ಲಕ್ಷಾಂತರ ಜನರಿಗೆ ಇತಿಹಾಸದ ರುಚಿ ಹಚ್ಚಿದರು. ಬಿ.ಎಡ್. ಪ್ರಮಾಣಪತ್ರಕ್ಕಾಗಿ ಕಾದು ಕುಳಿತಿರುವ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ ಸರಿ.

ಸೆರೆಯಿಂದ ಬಂದಮೇಲೆ ಅವರು 1923ರಲ್ಲಿ ತಿರು. ವಿ. ಕಲ್ಯಾಣಸುಂದರಂ ಅವರ ‘ನವಶಕ್ತಿ’ ಪತ್ರಿಕೆಯಲ್ಲಿ ಉಪಸಂಪಾದಕರಾದರು. ಪತ್ರಿಕೆಯ ಭಾಷೆ ಹೇಗಿರಬೇಕೆಂಬ ಮೊದಲ ಪಾಠ ಅಲ್ಲಿಯೇ ಆಯಿತು. ಕಲ್ಕಿ ಎಂಬ ಕಾವ್ಯನಾಮದ ವಿಚಾರವನ್ನು ಎರಡು ಬಗೆಯಾಗಿ ಹೇಳುತ್ತಾರೆ. ಗುರು ಕಲ್ಯಾಣಸುಂದರಂ ಅವರ ಹೆಸರಿನ ಮೊದಲಕ್ಷರಗಳಿಗೆ ಕೃಷ್ಣಮೂರ್ತಿಯ ಅಕ್ಷರ ಸೇರಿ ಆದದ್ದು ಎಂದು ಕೆಲವರು, ವಿಷ್ಣುವಿನ ಹತ್ತನೆಯ ಅವತಾರದಂತೆ ಹಳೆಯದನ್ನು ಒರೆಸಿ ಹೊಸದನ್ನು ತರುವವನು ಎಂಬ ಅರ್ಥದಲ್ಲಿ ಇಟ್ಟುಕೊಂಡದ್ದು ಎಂದು ಕೆಲವರು.

1928ರ ನಂತರ ಅವರು ತಿರುಚೆಂಗೋಡಿನ ಗಾಂಧಿ ಆಶ್ರಮದಲ್ಲಿ ರಾಜಾಜಿಯವರ ಜೊತೆ ಇದ್ದು, ಪಾನನಿರೋಧಕ್ಕಾಗಿಯೇ ಹೊರಡುತ್ತಿದ್ದ ‘ವಿಮೋಚನಂ’ ಪತ್ರಿಕೆಗೆ ದುಡಿದರು. ಕುಡಿತ ಬಿಡಿ ಎಂದು ಬರಿದೇ ಉಪದೇಶಿಸಿದರೆ ಯಾರೂ ಓದುವುದಿಲ್ಲ, ಕತೆಯಾಗಿ ಹೇಳಿದರೆ ಓದುತ್ತಾರೆ ಎಂಬುದನ್ನು ಅಲ್ಲಿ ಬರೆದೇ ಕಲಿತಿರಬೇಕು. 1931ರಲ್ಲಿ ಮತ್ತೆ ಆರು ತಿಂಗಳು ಸೆರೆ. ಆಮೇಲೆ ಎಸ್. ಎಸ್. ವಾಸನ್ ಅವರ ‘ಆನಂದ ವಿಕಟನ್’ ಸೇರಿದರು. ಅವರ ನಗೆಬರಹ, ರಾಜಕೀಯ ಟೀಕೆ, ಧಾರಾವಾಹಿಗಳಿಗಾಗಿ ಓದುಗರು ವಾರವಾರ ಕಾಯುವಂತಾಯಿತು. ಅವರ ‘ತ್ಯಾಗಭೂಮಿ’ 1939ರಲ್ಲಿ ಚಲನಚಿತ್ರವಾದಾಗ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು.

ಇದೇ ಕಾಲದಲ್ಲಿ ಅವರು ಸಂಗೀತ, ನೃತ್ಯಗಳ ವಿಮರ್ಶೆಯನ್ನೂ ಬರೆಯುತ್ತಿದ್ದರು. ಅದಕ್ಕೆ ಇಟ್ಟುಕೊಂಡ ಹೆಸರು ‘ಕರ್ನಾಟಕಂ’. ತಮಿಳಿನ ಆಡುಮಾತಿನಲ್ಲಿ ಕರ್ನಾಟಕ ಎಂದರೆ ಹಳೆಯ ಕಾಲದ್ದು ಎಂಬ ಅರ್ಥವೂ ಇದೆ. ನಮ್ಮ ಮನೆಯಲ್ಲಿ ಪಾಟಿ ನನ್ನ ಉದ್ದ ಜಡೆಯನ್ನು ಶುದ್ಧ ಕರ್ನಾಟಕ ಎಂದು ಹೇಳಿದರೆ ಅದು ಹೊಗಳಿಕೆಯೂ ಹೌದು, ತಮಾಷೆಯೂ ಹೌದು. ಪುಲಿಕೇಶಿಯನ್ನು ಎದುರಾಳಿಯಾಗಿಸಿ ಕಾದಂಬರಿ ಬರೆದವರೇ ಆ ಹೆಸರಿನಲ್ಲಿ ವಿಮರ್ಶೆ ಬರೆದದ್ದು ತಿಳಿದಾಗ ನಾನು ಒಬ್ಬಳೇ ನಕ್ಕೆ.

1941ರಲ್ಲಿ ಅವರು ವಿಕಟನ್ ಬಿಟ್ಟು ಸತ್ಯಾಗ್ರಹಕ್ಕೆ ಇಳಿದರು. ಮೂರು ತಿಂಗಳ ಸೆರೆ. ಹೊರಬಂದು ಗೆಳೆಯ ಟಿ. ಸದಾಶಿವಂ ಜೊತೆ ತಮ್ಮ ಹೆಸರಿನದೇ ವಾರಪತ್ರಿಕೆ ಆರಂಭಿಸಿದರು. ಸದಾಶಿವಂ ಅವರ ಪತ್ನಿ ಎಂ. ಎಸ್. ಸುಬ್ಬುಲಕ್ಷ್ಮಿ ‘ಸಾವಿತ್ರಿ’ ಚಿತ್ರದಲ್ಲಿ ನಾರದನ ಪಾತ್ರ ಮಾಡಿ ಬಂದ ಹಣ ಅದಕ್ಕೆ ಬಂಡವಾಳವಾಯಿತು. ಈ ಪತ್ರಿಕೆಯಲ್ಲಿ ಅವರ ಮೂರು ಐತಿಹಾಸಿಕ ಕಾದಂಬರಿಗಳು ಬಂದವು: ಮೊದಲು ‘ಪಾರ್ತಿಬನ್ ಕನವು’, 1944ರಿಂದ 1946ರವರೆಗೆ ‘ಶಿವಕಾಮಿಯಿನ್ ಶಪಥಂ’, 1950ರಿಂದ 1954ರವರೆಗೆ ಚೋಳರ ಕತೆಯಾದ ‘ಪೊನ್ನಿಯಿನ್ ಸೆಲ್ವನ್’. ಪತ್ರಿಕೆಯ ಸಂಪಾದಕತ್ವ, ತಮಿಳಿನಲ್ಲಿ ಹಾಡಿ ಎಂಬ ತಮಿಳಿಸೈ ಚಳವಳಿ, ಸುಬ್ಬುಲಕ್ಷ್ಮಿಯವರ ‘ಮೀರಾ’ ಚಿತ್ರಕ್ಕೆ ಹಾಡುಗಳ ರಚನೆ, ಇವೆಲ್ಲದರ ನಡುವೆ ವಾರಕ್ಕೊಂದು ಕಂತು. ಒಂದು ಪಾಠಯೋಜನೆಗೆ ಎರಡು ರಾತ್ರಿ ತೆಗೆದುಕೊಳ್ಳುವ ನನಗೆ ಈ ದುಡಿಮೆಯನ್ನು ಊಹಿಸುವುದೂ ಕಷ್ಟ.

ಈಗ ಓದಿನ ವಿಚಾರ. ಮೊದಲ ಸಲ ಓದಿದಾಗ ನಾನು ಏಳನೆಯ ತರಗತಿ. ಮುಂದೇನಾಯಿತು ಎಂಬುದಷ್ಟೇ ಬೇಕಿತ್ತು. ಓದಲು ಕಂಚಿಗೆ ಹೊರಟ ಹಳ್ಳಿಯ ಹುಡುಗ ಪರಂಜ್ಯೋತಿ, ಶಿಲ್ಪಿ ಆಯನರ ಮಗಳು ಶಿವಕಾಮಿ, ಯುದ್ಧದ ಸುದ್ದಿಯಿಂದ ಅರ್ಧಕ್ಕೆ ನಿಂತ ಅವಳ ನೃತ್ಯ, ಮಾಮಲ್ಲನ ಪ್ರೀತಿ, ಅವಳು ವಾತಾಪಿಗೆ ಸೆರೆಯಾಳಾಗಿ ಹೋಗುವುದು. ವಾತಾಪಿ ಸುಟ್ಟು ಬೂದಿಯಾಗುವವರೆಗೆ ಊರು ಬಿಡೆನೆಂದು ಅವಳು ಶಪಥ ಮಾಡುವಾಗ ನಾನು ಅವಳ ಪಕ್ಷ. ಪುಟಗಳನ್ನು ಓದಲಿಲ್ಲ, ನುಂಗಿದೆ.

ಎರಡನೆಯ ಸಲ ಪಿಯುಸಿ ರಜೆಯಲ್ಲಿ. ಆಗ ಓದಿದ್ದು ಸಿಟ್ಟಿನಿಂದ. ನರ್ಮದೆಯ ತೀರದಲ್ಲಿ ಹರ್ಷನನ್ನು ತಡೆದ, ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಮೆಚ್ಚಿ ಬರೆದ ನಮ್ಮ ಪುಲಿಕೇಶಿ ಇಲ್ಲಿ ಕಂಚಿಯಲ್ಲಿ ಔತಣ ಉಂಡು, ಹೊರಗೆ ಹೋಗಿ ಸುಲಿಗೆಗೆ ಅಪ್ಪಣೆ ಕೊಡುತ್ತಾನೆ. ಪುಸ್ತಕವನ್ನು ಮುಚ್ಚಿ ಪಾಟಿಯ ಜೊತೆ ಜಗಳವಾಡಿದೆ. ಇದು ಅವರ ಕಡೆಯ ಕತೆ, ನಿನ್ನ ಕಡೆಯದನ್ನು ನೀನು ಹೇಳು ಎಂದು ಪಾಟಿ ಸುಮ್ಮನಾದರು.

ಮೂರನೆಯ ಓದು ಈ ವರ್ಷ, ಆ ಪಾಠ ಕೆಟ್ಟಮೇಲೆ. ಮುಂದೇನಾಗುತ್ತದೆ ಎಂಬ ಅವಸರ ಈಗ ಇರಲಿಲ್ಲ. ಎಲ್ಲ ಗೊತ್ತಿದೆ. ಗೊತ್ತಿರುವುದರಿಂದಲೇ ಮೊದಲ ಅಧ್ಯಾಯ ಬೇರೆಯಾಗಿ ಕಂಡಿತು. ಪರಂಜ್ಯೋತಿಯ ಜೊತೆ ದಾರಿ ನಡೆಯುವ ಬೌದ್ಧ ಭಿಕ್ಷು ನಾಗನಂದಿ ಏಳನೆಯ ತರಗತಿಯ ನನಗೆ ಬರಿಯ ದಾರಿಹೋಕನಾಗಿದ್ದ. ಅವನು ಪುಲಿಕೇಶಿಯ ಅಣ್ಣ, ಅಚ್ಚು ಪುಲಿಕೇಶಿಯದೇ ರೂಪ ಎಂಬುದು ಈಗ ಗೊತ್ತು. ಆದ್ದರಿಂದ ಅವನ ಒಂದೊಂದು ಮಾತೂ ಎರಡು ಅರ್ಥ ಕೊಡುತ್ತದೆ. ಚಿಕ್ಕಪ್ಪ ಮಂಗಳೇಶನಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಅಲೆದ ಬಾಲಕ ಪುಲಿಕೇಶಿಯನ್ನು ಈ ಅಣ್ಣ ಕಾಪಾಡಿದ ಪ್ರಸಂಗವನ್ನು ಪಿಯುಸಿಯ ಸಿಟ್ಟಿನಲ್ಲಿ ನಾನು ಗಮನಿಸಿರಲೇ ಇಲ್ಲ. ಕಲ್ಕಿ ಎದುರಾಳಿಗೂ ಒಂದು ಬಾಲ್ಯ ಕೊಟ್ಟಿದ್ದಾರೆ.

ಕೊನೆಯ ಭಾಗದ ಹೆಸರು ಚೂರಾದ ಕನಸು. ವಾತಾಪಿ ಉರಿಯುತ್ತದೆ, ಶಪಥ ನೆರವೇರುತ್ತದೆ. ಆದರೆ ಕಂಚಿಗೆ ಮರಳಿದ ಶಿವಕಾಮಿಗೆ ತಿಳಿಯುವುದು ಮಾಮಲ್ಲನಿಗೆ ಮದುವೆಯಾಗಿದೆ ಎಂಬುದು. ಅವಳು ತನ್ನ ನೃತ್ಯವನ್ನು ದೇವರಿಗೆ ಒಪ್ಪಿಸುತ್ತಾಳೆ. ಮೊದಲ ಎರಡು ಓದಿನಲ್ಲಿ ಯಾರು ಗೆದ್ದರು ಎಂದು ನೋಡಿದ್ದ ನಾನು ಈ ಸಲ, ಗೆದ್ದವರಿಗೂ ಏನೂ ಉಳಿಯಲಿಲ್ಲವಲ್ಲ ಎಂದು ಸುಮ್ಮನೆ ಕುಳಿತೆ. ಗಾಂಧೀಜಿಯ ಹಾದಿಯಲ್ಲಿ ಮೂರು ಸಲ ಸೆರೆಗೆ ಹೋದವರು, ಮಹಾಯುದ್ಧದಲ್ಲಿ ಊರುಗಳು ಉರಿಯುತ್ತಿದ್ದ ದಿನಗಳಲ್ಲಿ, ಒಂದು ಊರಿನ ದಹನವನ್ನು ಹೀಗಲ್ಲದೆ ಹೇಗೆ ಬರೆದಾರು ಎನಿಸಿತು. ಇದು ನನ್ನ ಓದು, ಅಷ್ಟೇ.

ಮಾರ್ಗದರ್ಶಕರ ಪ್ರಶ್ನೆಗೆ ಉತ್ತರವೂ ಹೀಗೆ ಓದುವಾಗಲೇ ಸಿಕ್ಕಿತು. ನಿಧಾನವಾಗಿ ಓದಿದಾಗ ಕಾದಂಬರಿಯ ಒಳಗೆ ಮೂಳೆ ಯಾವುದು, ಮಾಂಸ ಯಾವುದು ಎಂದು ಬೇರ್ಪಡಿಸಬಹುದು. ಮಹೇಂದ್ರವರ್ಮ, ನರಸಿಂಹವರ್ಮ, ಪುಲಿಕೇಶಿ, ಪರಂಜ್ಯೋತಿ ಇವರು ಇದ್ದವರು. ಶಿವಕಾಮಿ, ಆಯನರು, ನಾಗನಂದಿ ಕಲ್ಪನೆಯವರು. ಕಲ್ಕಿ ತಾವು ಇತಿಹಾಸಕಾರರೆಂದು ಹೇಳಿಕೊಳ್ಳದೆ ಕಾದಂಬರಿ ಎಂದೇ ಕರೆದು ಕೊಟ್ಟರು. ಅದನ್ನು ಇತಿಹಾಸ ಎಂದು ಹಂಚಿದ ತಪ್ಪು ನನ್ನದು.

ಮರುವಾರ ಅದೇ ತರಗತಿಯಲ್ಲಿ ಅದೇ ಪಾಠವನ್ನು ಮತ್ತೆ ಮಾಡಲು ಅನುಮತಿ ಕೇಳಿದೆ. ಮೊದಲು ನನ್ನ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡೆ. ಕಪ್ಪುಹಲಗೆಯಲ್ಲಿ ಎರಡು ಅಂಕಣ ಎಳೆದೆ. ಒಂದರಲ್ಲಿ ರವಿಕೀರ್ತಿಯ ಐಹೊಳೆ ಶಾಸನ, ಕ್ರಿ.ಶ. 634: ಪಲ್ಲವರ ಅರಸ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದ. ಇನ್ನೊಂದರಲ್ಲಿ ನರಸಿಂಹವರ್ಮನ ಮೊಮ್ಮಗನ ಕಾಲದ ಕೂರಂ ತಾಮ್ರಪಟ: ಪರಿಯಲ, ಮಣಿಮಂಗಲ, ಶೂರಮಾರಗಳಲ್ಲಿ ಪುಲಿಕೇಶಿ ಸೋತು ಬೆನ್ನು ತೋರಿಸಿದ. ಇಬ್ಬರೂ ಎದುರಾಳಿ ಓಡಿದನೆಂದೇ ಬರೆದಿದ್ದಾರೆ, ಏಕೆ ಎಂದು ಕೇಳಿದೆ. ಬರೆಸಿದವರು ಯಾರು ನೋಡಬೇಕು ಟೀಚರ್ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪಾಠದ ಮೊದಲ ಉದ್ದೇಶ ಅಲ್ಲಿಗೆ ಈಡೇರಿತು.

ಆಮೇಲೆ ಎರಡು ಸಂಗತಿ ಹೇಳಿದೆ. 642ರ ಸುಮಾರಿಗೆ ಬಾದಾಮಿಯನ್ನು ಗೆದ್ದ ಪಲ್ಲವನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಸವೆದ ಅಕ್ಷರಗಳಲ್ಲಿದೆ. ಸುಮಾರು ನೂರು ವರ್ಷದ ನಂತರ ಕಂಚಿಯನ್ನು ಗೆದ್ದ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಅಲ್ಲಿಯ ಕೈಲಾಸನಾಥ ದೇವಾಲಯವನ್ನು ಸುಲಿಯದೆ, ಅದರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಆ ವಿಷಯವನ್ನು ಕನ್ನಡದಲ್ಲಿ ಕಂಬದ ಮೇಲೆ ಕೆತ್ತಿಸಿದ. ಅವರ ಊರಿನಲ್ಲಿ ನಮ್ಮ ಅಕ್ಷರ, ನಮ್ಮ ಊರಿನಲ್ಲಿ ಅವರ ಅಕ್ಷರ. ಕೊನೆಯ ಐದು ನಿಮಿಷ ಮಾತ್ರ ಶಿವಕಾಮಿಯ ಕತೆಯನ್ನು ಕತೆ ಎಂದೇ ಹೇಳಿದೆ. ಮುಂದಿನ ಬೆಂಚಿನ ಹುಡುಗಿ, ಅವಳು ಇರಲೇ ಇಲ್ಲವೇ ಎಂದು ಬೇಸರದಿಂದ ಕೇಳಿದಳು. ಪುಸ್ತಕದಲ್ಲಿ ಇದ್ದಾಳೆ ಎಂದೆ.

ಕಲ್ಕಿಯವರು 1954ರ ಡಿಸೆಂಬರ್ 5ರಂದು ಕ್ಷಯರೋಗದಿಂದ ತೀರಿಕೊಂಡರು. ಆಗ ವಯಸ್ಸು 55. ‘ಪೊನ್ನಿಯಿನ್ ಸೆಲ್ವನ್’ ಮುಗಿದು ಕೆಲವೇ ತಿಂಗಳಾಗಿತ್ತು. ಸ್ವಾತಂತ್ರ್ಯ ಹೋರಾಟದ ಕಾಲದ ಕತೆಯಾದ ‘ಅಲೈ ಓಸೈ’ಗೆ 1956ರಲ್ಲಿ, ಅವರಿಲ್ಲದ ಮೇಲೆ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಪುಸ್ತಕಗಳು ಇಂದಿಗೂ ಅಚ್ಚಾಗುತ್ತಿವೆ.

ಪಾಟಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಭಾನುವಾರ ಊರಿಗೆ ಹೋದಾಗ ನಾನೇ ಓದಿ ಹೇಳುತ್ತೇನೆ. ಮಾಮಲ್ಲ ವಾತಾಪಿಗೆ ಗುಟ್ಟಾಗಿ ಬಂದು ಶಿವಕಾಮಿಯನ್ನು ಕರೆಯುವ, ಶಪಥ ನೆರವೇರದೆ ಬರೆನೆಂದು ಅವಳು ಹಟ ಹಿಡಿಯುವ ಅಧ್ಯಾಯವನ್ನೇ ಪದೇ ಪದೇ ಓದಿಸುತ್ತಾರೆ. ಕತೆಯೆಲ್ಲ ಬಾಯಿಪಾಠ. ಆದರೂ ಆ ಜಾಗ ಬಂದಾಗ, ಹೋಗಿಬಿಡು ತಾಯಿ, ಈ ಸಲವಾದರೂ ಹೋಗಿಬಿಡು ಎಂದು ಮೆಲ್ಲಗೆ ಹೇಳುತ್ತಾರೆ. ನಾನು ಸ್ವಲ್ಪ ಹೊತ್ತು ನಿಲ್ಲಿಸಿ, ಪುಟ ತಿರುಗಿಸುತ್ತೇನೆ.