ನ್ಯಾಯಮೂರ್ತಿ ಸರ್ ಬೆನಗಲ್ ನರಸಿಂಗರಾಯರು

ಪರಕೀಯರ ಆಳ್ವಿಕೆಯಲ್ಲಿ ನ್ಯಾಯಪೀಠವನ್ನೇರುವುದು ಅಸಿಧಾರಾವ್ರತವೇ ಸರಿ. ಆಳುವವರ ವೇತನವನ್ನುಂಡು, ಆಳಿಸಿಕೊಳ್ಳುವ ತನ್ನವರಿಗೆ ನ್ಯಾಯವನ್ನೀಯಬೇಕು. ಅಂಥ ವ್ರತವನ್ನು ಕಳಂಕವಿಲ್ಲದೆ ನಡೆಸಿದ ಕನ್ನಡನಾಡಿನ ಮಹನೀಯರು ಸರ್ ಬೆನಗಲ್ ನರಸಿಂಗರಾಯರು.

ದಕ್ಷಿಣ ಕನ್ನಡದ ಸಾರಸ್ವತ ಮನೆತನದಲ್ಲಿ 1887ರ ಫೆಬ್ರವರಿ 26ರಂದು ಜನಿಸಿದ ರಾಯರು ವೈದ್ಯರೊಬ್ಬರ ಪುತ್ರರು. ಮಂಗಳೂರಿನ ಕೆನರಾ ಪ್ರೌಢಶಾಲೆಯಲ್ಲಿ ಓದಿ, ಮದರಾಸು ಪ್ರಾಂತದಲ್ಲಿಯೇ ಅಗ್ರಗಣ್ಯರಾಗಿ ಉತ್ತೀರ್ಣರಾದರು. ಸಂಸ್ಕೃತ, ಗಣಿತಗಳೆರಡರಲ್ಲಿಯೂ ಅವರ ಬುದ್ಧಿ ಸಮನಾಗಿ ಸಂಚರಿಸಿತು. ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು.

ಆಗ ನಡೆದ ಸಂಗತಿಯೊಂದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಅವರಿಗೆ ಮೊದಲು ದೊರೆತುದು ಮದರಾಸು ಪ್ರಾಂತ. ಅಲ್ಲಿ ತಮಗೆ ಬಂಧುಮಿತ್ರರು ಬಹುಮಂದಿ, ಭೂಮಿಯೂ ಉಂಟು ಎಂಬ ಕಾರಣವನ್ನು ಬರೆದು, ಬೇರೆ ಪ್ರಾಂತವನ್ನು ಬೇಡಿ ಬಂಗಾಳಕ್ಕೆ ತೆರಳಿದರು. ತವರಿನ ಹತ್ತಿರಕ್ಕೆ ವರ್ಗವಾಗಲೆಂದು ಹಂಬಲಿಸುವ ನಮಗೆ ಇದು ವಿಚಿತ್ರವೆನಿಸೀತು! ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದು, ಅಸ್ಸಾಮಿನಲ್ಲಿ ಶಾಸನ ಇಲಾಖೆಯ ಕಾರ್ಯವನ್ನು ನಿರ್ವಹಿಸಿ, 1938ರಲ್ಲಿ ಸರ್ ಪದವಿಯನ್ನೂ ಮರುವರ್ಷ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ಪೀಠವನ್ನೂ ಪಡೆದರು. ಸಿಂಧೂ ನದಿಯ ನೀರಿಗಾಗಿ ಸಿಂಧ್, ಪಂಜಾಬುಗಳು ಕಲಹಿಸಿದಾಗ ವಿಚಾರಣಾ ಆಯೋಗದ ಅಧ್ಯಕ್ಷತೆ ಅವರದಾಯಿತು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಸಲ್ಲಬೇಕೆಂದ ಹಿಂದೂ ಕಾನೂನು ಸಮಿತಿಗೂ ಅವರೇ ಅಧ್ಯಕ್ಷರು. ಸಂಪ್ರದಾಯಸ್ಥರ ಉಗ್ರ ವಿರೋಧವನ್ನು ಎದುರಿಸಿದ ಆ ವಿಚಾರಗಳು ಶಾಸನರೂಪ ತಾಳಿದುದು 1955-56ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಸಭೆಯ ಸದಸ್ಯರಲ್ಲ, ವೇತನವನ್ನೂ ಸ್ವೀಕರಿಸಲಿಲ್ಲ. 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟರು. ಡಾ. ಅಂಬೇಡ್ಕರರು 1949ರ ನವೆಂಬರಿನಲ್ಲಿ ತಮಗೆ ಸಂದ ಕೀರ್ತಿಯಲ್ಲಿ ಇವರಿಗೂ ಪಾಲುಂಟೆಂದು ಮುಕ್ತಕಂಠದಿಂದ ಹೇಳಿದರು. ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಬಂದ ಮೇಲೆ, ಶಾಸನಗಳ ಔಚಿತ್ಯವನ್ನೇ ತೂಗಿನೋಡುವ ವಿಶಾಲಾಧಿಕಾರ ನ್ಯಾಯಾಲಯಕ್ಕೆ ಬೇಡವೆಂದು ರಾಯರು ವಾದಿಸಿದರು. ಸ್ವತಃ ನ್ಯಾಯಾಧೀಶರಾದವರೇ ಹೀಗೆ ವಾದಿಸಿದುದು ಅವರ ನಿಃಸ್ವಾರ್ಥತೆಗೆ ಸಾಕ್ಷಿ. ಆದರೂ, ವಿಚಾರಣೆಯಿಲ್ಲದೆ ಬಂಧಿತರಾದವರ ಪಾಲಿಗೆ ಆ ಸಲಹೆ ಹಿತವಾಗಲಿಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬೇರೆ ದಾರಿ ಹಿಡಿಯಿತು.

1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಯಾದಗಿರಿ ಸೀಮೆಯ ಪ್ರಜೆಯೂ 1950ರ ಜನವರಿ 26ರಂದು ಅದೇ ಸಂವಿಧಾನದ ನೆರಳಿಗೆ ಬಂದನು. ಆ ವರ್ಷದ ಜೂನಿನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ರಾಯರು. 1952ರಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಮರುವರ್ಷ ನವೆಂಬರ್ 30ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ, ಆ ಪದವಿಯಲ್ಲಿರುವಾಗಲೇ ದಿವಂಗತರಾದರು.