ಮಾ ಯಿಂಚು

ಮಾ ಯಿಂಚು (ಜೂನ್ 24, 1882 – ಮೇ 10, 1982) ಚೀನಾದ ಪ್ರಮುಖ ಅರ್ಥಶಾಸ್ತ್ರಜ್ಞರು, ಹಣಕಾಸು ಮತ್ತು ಬ್ಯಾಂಕಿಂಗ್ ವಿಷಯಗಳ ಪ್ರಾಧ್ಯಾಪಕರು ಹಾಗೂ ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. ಚೀನೀ ಪದ್ಧತಿಯಂತೆ ಮಾ ಎಂಬುದು ಅವರ ಮನೆತನದ ಹೆಸರು. 1957ರಲ್ಲಿ ಪ್ರಕಟವಾದ ‘ಹೊಸ ಜನಸಂಖ್ಯಾ ಸಿದ್ಧಾಂತ’ದಿಂದಾಗಿ ಅವರು ಜಗತ್ತಿಗೆ ಪರಿಚಿತರು. ಆದರೆ ಅದಕ್ಕೂ ಮುನ್ನ ನಾಲ್ಕು ದಶಕಗಳ ಕಾಲ ಅವರು ಚೀನಾದ ಬ್ಯಾಂಕು, ನಾಣ್ಯ, ಷೇರುಪೇಟೆ ಮತ್ತು ತೆರಿಗೆಗಳನ್ನು ಅಭ್ಯಸಿಸಿದ್ದರು. ಜನಸಂಖ್ಯೆಯ ಕುರಿತ ಅವರ ವಾದದ ತಳಹದಿಯೂ ಬಂಡವಾಳದ ಲೆಕ್ಕಾಚಾರವೇ ಆಗಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಮಾ ಅವರು ಪೂರ್ವ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಷೆಂಗ್‌ಷಿಯಾನ್‌ನಲ್ಲಿ ಜನಿಸಿದರು. ತಂದೆ ಮದ್ಯ ತಯಾರಿಕೆಯ ಉದ್ಯಮ ನಡೆಸುತ್ತಿದ್ದರು. ಮಗನು ಅದೇ ವ್ಯಾಪಾರವನ್ನು ಮುಂದುವರಿಸಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಮಗನ ಒಲವು ಓದಿನ ಕಡೆಗಿತ್ತು. ಶಾಂಘೈನಲ್ಲಿ ಶಾಲಾ ಶಿಕ್ಷಣ ಮುಗಿಸಿದ ಮಾ, ತ್ಯಾನ್‌ಜಿನ್ ನಗರದ ಬೇಯಾಂಗ್ ವಿಶ್ವವಿದ್ಯಾಲಯದಲ್ಲಿ ಗಣಿಗಾರಿಕೆ ಮತ್ತು ಲೋಹಶಾಸ್ತ್ರದ ವ್ಯಾಸಂಗಕ್ಕೆ ಸೇರಿದರು.

1907ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ತೆರಳಿದ ಅವರು ಅಲ್ಲಿ ಅರ್ಥಶಾಸ್ತ್ರವನ್ನು ಆರಿಸಿಕೊಂಡರು. ಯೇಲ್ ವಿಶ್ವವಿದ್ಯಾಲಯದಿಂದ 1910ರಲ್ಲಿ ಪದವಿ ಪಡೆದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡರು. ನ್ಯೂಯಾರ್ಕ್ ನಗರಾಡಳಿತದ ಹಣಕಾಸು ವ್ಯವಸ್ಥೆಯನ್ನು ಕುರಿತ ಅವರ ಡಾಕ್ಟರೇಟ್ ಪ್ರಬಂಧವನ್ನು 1914ರಲ್ಲಿ ಆ ವಿಶ್ವವಿದ್ಯಾಲಯವೇ ತನ್ನ ಗ್ರಂಥಮಾಲೆಯಲ್ಲಿ ಪ್ರಕಟಿಸಿತು.

ಅಧ್ಯಾಪನ ಮತ್ತು ಹಣಕಾಸು ಅಧ್ಯಯನ

ಸ್ವದೇಶಕ್ಕೆ ಮರಳಿದ ಮಾ, ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಸಾಯ್ ಯುವಾನ್‌ಪೇ ಅವರು ಅಧ್ಯಕ್ಷರಾಗಿದ್ದ ಅವಧಿಯಲ್ಲಿ, 1919ರಲ್ಲಿ, ಅದರ ಶೈಕ್ಷಣಿಕ ವಿಭಾಗದ ಮುಖ್ಯಸ್ಥರಾಗಿ ಆಯ್ಕೆಯಾದರು. 1923ರಲ್ಲಿ ಸ್ಥಾಪನೆಯಾದ ಚೀನೀ ಅರ್ಥಶಾಸ್ತ್ರ ಸಂಘದ ನೇತೃತ್ವವನ್ನೂ ವಹಿಸಿಕೊಂಡರು.

ಅಂದಿನ ಚೀನಾದಲ್ಲಿ ಆಧುನಿಕ ಬ್ಯಾಂಕುಗಳು, ಸಾಂಪ್ರದಾಯಿಕ ಲೇವಾದೇವಿ ಅಂಗಡಿಗಳು ಮತ್ತು ವಿದೇಶಿ ಬ್ಯಾಂಕುಗಳು ಒಟ್ಟಿಗೇ ವ್ಯವಹರಿಸುತ್ತಿದ್ದವು. ಬೆಳ್ಳಿಯ ನಾಣ್ಯಗಳ ಜೊತೆಗೆ ‘ಟೇಲ್’ ಎಂಬ ತೂಕದ ಬೆಳ್ಳಿಯೂ ಚಲಾವಣೆಯಲ್ಲಿತ್ತು. ಈ ತೂಕ ಊರಿಂದೂರಿಗೆ ಬದಲಾಗುತ್ತಿದ್ದುದರಿಂದ ವರ್ತಕರು ಪ್ರತಿ ವ್ಯವಹಾರದಲ್ಲಿಯೂ ನಷ್ಟ ಅನುಭವಿಸುತ್ತಿದ್ದರು. ಟೇಲ್ ಪದ್ಧತಿಯನ್ನು ಕೈಬಿಟ್ಟು ಏಕರೂಪದ ನಾಣ್ಯವನ್ನು ತರಬೇಕೆಂದು ವಾದಿಸಿದವರಲ್ಲಿ ಮಾ ಒಬ್ಬರು. ಈ ಸುಧಾರಣೆ 1933ರಲ್ಲಿ ಜಾರಿಗೆ ಬಂದಿತು.

1921ರಲ್ಲಿ ಶಾಂಘೈನಲ್ಲಿ ಕೆಲವೇ ತಿಂಗಳುಗಳಲ್ಲಿ ನೂರಕ್ಕೂ ಹೆಚ್ಚು ವಿನಿಮಯ ಕೇಂದ್ರಗಳು ಹಾಗೂ ಹಲವು ಟ್ರಸ್ಟ್ ಕಂಪನಿಗಳು ಹುಟ್ಟಿಕೊಂಡವು. ಅನೇಕ ವಿನಿಮಯ ಕೇಂದ್ರಗಳು ತಮ್ಮ ಷೇರುಗಳನ್ನು ತಾವೇ ವಹಿವಾಟಿಗಿಟ್ಟು ಬೆಲೆ ಏರಿಸುತ್ತಿದ್ದವು. ಆ ಷೇರುಗಳನ್ನೇ ಒತ್ತೆಯಿಟ್ಟು ಟ್ರಸ್ಟ್ ಕಂಪನಿಗಳಿಂದ ಸಾಲ ಎತ್ತಲಾಗುತ್ತಿತ್ತು. ಈ ವ್ಯವಸ್ಥೆ ಕುಸಿದಾಗ ಬೆರಳೆಣಿಕೆಯಷ್ಟು ಸಂಸ್ಥೆಗಳು ಮಾತ್ರ ಉಳಿದವು. ಇಂತಹ ಸಮಕಾಲೀನ ಸಮಸ್ಯೆಗಳನ್ನು ಮಾ ಅವರು ಉಪನ್ಯಾಸಗಳ ಮೂಲಕ ವಿದ್ಯಾರ್ಥಿಗಳಿಗೂ ವರ್ತಕರಿಗೂ ವಿವರಿಸುತ್ತಿದ್ದರು. 1928ರಲ್ಲಿ ಅವರು ನಾನ್‌ಜಿಂಗ್ ಸರ್ಕಾರದ ಶಾಸನ ಸಭೆಯ ಸದಸ್ಯರಾದರು. 1929ರ ಕಂಪನಿ ಕಾಯ್ದೆಯ ಕರಡು ರಚನೆಯಲ್ಲಿಯೂ ಪಾಲ್ಗೊಂಡರು.

ಬಂಧನ

ಜಪಾನ್ ವಿರುದ್ಧದ ಯುದ್ಧಕಾಲದಲ್ಲಿ ಮಾ ಅವರು ಚೊಂಗ್‌ಚಿಂಗ್ ವಿಶ್ವವಿದ್ಯಾಲಯದ ವಾಣಿಜ್ಯ ಕಾಲೇಜಿನ ಮುಖ್ಯಸ್ಥರಾಗಿದ್ದರು. ಬೆಲೆಯೇರಿಕೆಯಿಂದ ಜನಸಾಮಾನ್ಯರು ತತ್ತರಿಸುತ್ತಿದ್ದಾಗ ಅಧಿಕಾರಸ್ಥರ ಬಂಧುಬಳಗವು ವಿದೇಶಿ ವಿನಿಮಯ ಮತ್ತು ಸರಕುಗಳ ವ್ಯವಹಾರದಲ್ಲಿ ಅಪಾರ ಲಾಭ ಗಳಿಸುತ್ತಿದೆ ಎಂದು ಅವರು ಬಹಿರಂಗವಾಗಿ ಟೀಕಿಸಿದರು. ಯುದ್ಧದಿಂದ ಸಂಪತ್ತು ಗಳಿಸಿದವರ ಮೇಲೆ ತಾತ್ಕಾಲಿಕ ಆಸ್ತಿ ತೆರಿಗೆ ವಿಧಿಸಬೇಕೆಂಬುದು ಅವರ ಬೇಡಿಕೆಯಾಗಿತ್ತು. ಈ ಟೀಕೆ ಚಿಯಾಂಗ್ ಕೈ ಷೇಕ್ ಅವರ ಸಮೀಪಬಂಧುವೂ ಹಣಕಾಸು ಸಚಿವರೂ ಆಗಿದ್ದ ಎಚ್. ಎಚ್. ಕುಂಗ್ ಅವರಿಗೂ ತಾಗುವಂತಿತ್ತು.

1940ರ ಡಿಸೆಂಬರ್‌ನಲ್ಲಿ ಮಾ ಅವರನ್ನು ಬಂಧಿಸಲಾಯಿತು. ಯುದ್ಧರಂಗದ ಆರ್ಥಿಕ ಸ್ಥಿತಿಯ ಅಧ್ಯಯನಕ್ಕಾಗಿ ಅವರನ್ನು ಕಳುಹಿಸಲಾಗಿದೆ ಎಂದು ಸರ್ಕಾರ ಪ್ರಕಟಿಸಿತು. ವಾಸ್ತವದಲ್ಲಿ ಅವರು ಗುಯಿಝೌ ಪ್ರಾಂತ್ಯದ ಷಿಫೆಂಗ್ ಬಂದಿಶಿಬಿರದಲ್ಲಿದ್ದರು. 1941ರಲ್ಲಿ ಚೊಂಗ್‌ಚಿಂಗ್‌ನ ವಿದ್ಯಾರ್ಥಿಗಳು ಗುರುವಿನ ಅನುಪಸ್ಥಿತಿಯಲ್ಲಿಯೇ ಅವರ ಅರವತ್ತನೆಯ ಜನ್ಮದಿನವನ್ನು ಆಚರಿಸಿ, ಅವರ ಹೆಸರಿನಲ್ಲಿ ಮಂಟಪವೊಂದನ್ನು ನಿರ್ಮಿಸಿದರು. 1942ರಲ್ಲಿ ಶಿಬಿರದಿಂದ ಬಿಡುಗಡೆಯಾದರೂ ಅನಂತರ ಅವರು ಗೃಹಬಂಧನದಲ್ಲಿ ಉಳಿಯಬೇಕಾಯಿತು.

ಹೊಸ ಜನಸಂಖ್ಯಾ ಸಿದ್ಧಾಂತ

1949ರಲ್ಲಿ ಸಾಮ್ಯವಾದಿ ಸರ್ಕಾರ ಸ್ಥಾಪನೆಯಾದಾಗ ಮಾ ಅವರಿಗೆ ಗೌರವದ ಸ್ಥಾನ ದೊರೆಯಿತು. ಝೆಜಿಯಾಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಅವರು 1951ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 1953ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 60 ಕೋಟಿ ಎಂದು ತಿಳಿದುಬಂದಿತು. ಮಾ ಅವರು ತಮ್ಮ ಪ್ರಾಂತ್ಯದ ಹಳ್ಳಿಗಳಿಗೆ ಹೋಗಿ ಪರಿಸ್ಥಿತಿಯನ್ನು ಸ್ವತಃ ಪರಿಶೀಲಿಸಿದರು. 1957ರ ಜುಲೈ 5ರಂದು ಅವರ ಸಿದ್ಧಾಂತವು ‘ಪೀಪಲ್ಸ್ ಡೈಲಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರ ವಾದ ಸರಳವಾಗಿತ್ತು. ರಾಷ್ಟ್ರೀಯ ಆದಾಯದಲ್ಲಿ ಸುಮಾರು 79 ಭಾಗ ಅನುಭೋಗಕ್ಕೇ ವೆಚ್ಚವಾಗಿ, 21 ಭಾಗ ಮಾತ್ರ ಬಂಡವಾಳವಾಗಿ ಉಳಿಯುತ್ತಿತ್ತು. ಉಣ್ಣುವ ಬಾಯಿಗಳು ಹೆಚ್ಚಿದಷ್ಟೂ ಯಂತ್ರ, ಶಿಕ್ಷಣ ಮತ್ತು ಕೃಷಿ ಸುಧಾರಣೆಗೆ ದೊರೆಯುವ ಹಣ ಕಡಿಮೆಯಾಗುತ್ತದೆ. ವರ್ಷಕ್ಕೆ ಶೇಕಡ 2ರಂತೆ ಬೆಳೆದರೆ 15 ವರ್ಷಗಳಲ್ಲಿ ಜನಸಂಖ್ಯೆ 80 ಕೋಟಿಯನ್ನೂ 50 ವರ್ಷಗಳಲ್ಲಿ 160 ಕೋಟಿಯನ್ನೂ ಮುಟ್ಟುತ್ತದೆ ಎಂದು ಅವರು ಲೆಕ್ಕ ಹಾಕಿದರು. ತಡವಾದ ವಿವಾಹ, ಗರ್ಭನಿರೋಧ ಮತ್ತು ಎರಡು ಮಕ್ಕಳ ಕುಟುಂಬಕ್ಕೆ ಪ್ರೋತ್ಸಾಹ ಅವರು ಸೂಚಿಸಿದ ಪರಿಹಾರಗಳು. ಗರ್ಭಪಾತವನ್ನು ಅವರು ವಿರೋಧಿಸಿದರು.

ಮಾಲ್ಥಸ್‌ನ ಅನುಯಾಯಿ ಎಂಬ ಆರೋಪ ಅವರ ಮೇಲೆ ಬಂದಿತು. ಜನರು ಹೆಚ್ಚಿದ್ದಷ್ಟೂ ಉತ್ಪಾದನೆ ಹೆಚ್ಚುತ್ತದೆ ಎಂಬ ನಂಬಿಕೆ ಪ್ರಬಲವಾಗಿದ್ದ ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಅವರ ವಿರುದ್ಧ ನೂರಾರು ಲೇಖನಗಳು ಪ್ರಕಟವಾದವು. ವಿಶ್ವವಿದ್ಯಾಲಯದ ಗೋಡೆಗಳ ಮೇಲೆ ಖಂಡನೆಯ ಭಿತ್ತಿಪತ್ರಗಳು ತುಂಬಿದವು. ತಪ್ಪೊಪ್ಪಿಕೊಳ್ಳುವಂತೆ ಒತ್ತಡ ಬಂದರೂ ಮಾ ಮಣಿಯಲಿಲ್ಲ. ಸುಮಾರು ಎಂಬತ್ತು ವರ್ಷದ ವಯಸ್ಸಿನಲ್ಲಿ, ವಾದದಿಂದಲ್ಲದೆ ಬಲದಿಂದ ತಮ್ಮನ್ನು ಸೋಲಿಸಲಾಗದೆಂದು ಲಿಖಿತವಾಗಿ ಉತ್ತರಿಸಿದರು. 1960ರಲ್ಲಿ ಅವರು ಅಧ್ಯಕ್ಷ ಸ್ಥಾನವನ್ನು ತ್ಯಜಿಸಬೇಕಾಯಿತು. ಅನಂತರ ಸುಮಾರು ಎರಡು ದಶಕಗಳ ಕಾಲ ಅವರ ಬರಹಗಳಿಗೆ ಪ್ರಕಟಣೆಯ ಅವಕಾಶವಿರಲಿಲ್ಲ. ಈ ಅವಧಿಯಲ್ಲಿ ಸಿದ್ಧಪಡಿಸಿದ ಕೃಷಿ ಕುರಿತ ಬೃಹತ್ ಹಸ್ತಪ್ರತಿಯು ಸಾಂಸ್ಕೃತಿಕ ಕ್ರಾಂತಿಯ ಆರಂಭದಲ್ಲಿ ಬೆಂಕಿಗೆ ಆಹುತಿಯಾಯಿತು.

ಕೊನೆಯ ವರ್ಷಗಳು

1979ರಲ್ಲಿ ಸರ್ಕಾರವು ಅವರ ಮೇಲಿನ ಆರೋಪಗಳನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಅವರು ಪೀಕಿಂಗ್ ವಿಶ್ವವಿದ್ಯಾಲಯದ ಗೌರವ ಅಧ್ಯಕ್ಷರಾದರು. ಆಗ ಅವರಿಗೆ 97 ವರ್ಷ. 1982ರ ಮೇ 10ರಂದು ಬೀಜಿಂಗ್‌ನಲ್ಲಿ ನಿಧನರಾದರು. ಅದೇ ವರ್ಷದ ಜುಲೈ ತಿಂಗಳ ಜನಗಣತಿಯಲ್ಲಿ ಚೀನಾದ ಜನಸಂಖ್ಯೆ 100 ಕೋಟಿಯನ್ನು ದಾಟಿತ್ತು.

ಚೀನಾದ ಒಂದೇ ಮಗುವಿನ ನೀತಿಗೆ ಮಾ ಅವರೇ ಮೂಲಪುರುಷರೆಂದು ಕೆಲವೊಮ್ಮೆ ಹೇಳಲಾಗುತ್ತದೆ. ಇದು ಪೂರ್ಣವಾಗಿ ಸರಿಯಲ್ಲ. ಜನಸಂಖ್ಯೆಯನ್ನು ಯೋಜನೆಗೆ ಒಳಪಡಿಸಬೇಕೆಂದು ಅವರು ಬಯಸಿದ್ದು ನಿಜ. ಮೂರನೆಯ ಮಗುವಿಗೆ ತೆರಿಗೆ ವಿಧಿಸುವ ಸಲಹೆಯನ್ನೂ ನೀಡಿದ್ದರು. ಆದರೆ ಅವರು ಹೇಳಿದ್ದು ಎರಡು ಮಕ್ಕಳ ಮಿತಿ. 1980ರ ನಂತರ ನಡೆದ ಬಲವಂತದ ಗರ್ಭಪಾತಗಳು ಅವರ ನಿಲುವಿಗೆ ವಿರುದ್ಧವಾದವು.

ಪ್ರಮುಖ ಕೃತಿಗಳು

ಚೀನಾದ ವಿದೇಶಿ ವಿನಿಮಯ, ಚೀನೀ ಬ್ಯಾಂಕಿಂಗ್ ಮತ್ತು ಚೀನಾದ ಆರ್ಥಿಕ ಪುನಾರಚನೆಯನ್ನು ಕುರಿತ ಗ್ರಂಥಗಳು, ನಾಣ್ಯಶಾಸ್ತ್ರವನ್ನು ಹೊಸದಾಗಿ ವಿವೇಚಿಸುವ ಕೃತಿ ಮತ್ತು ಉಪನ್ಯಾಸ ಸಂಪುಟಗಳು ಅವರ ಪ್ರಮುಖ ಕೃತಿಗಳು. ಹಾಂಗ್‌ಝೌ ನಗರದಲ್ಲಿ ಅವರು ವಾಸವಾಗಿದ್ದ ಮನೆಯು ಈಗ ಸ್ಮಾರಕವಾಗಿದೆ.