ಹೃದಯ, ಹಸ್ತ, ಮಸ್ತಕ: ಆಚಾರ್ಯ ಪ್ಯಾಟ್ರಿಕ್ ಗೆಡ್ಡಿಸ್

ವಿದ್ಯೆಯು ಗ್ರಂಥದಲ್ಲಿದೆಯೋ ಬದುಕಿನಲ್ಲಿದೆಯೋ ಎಂಬ ಪ್ರಶ್ನೆ ಶಿಕ್ಷಕರಾದವರನ್ನು ಎಂದಿನಿಂದಲೂ ಕಾಡುತ್ತ ಬಂದಿದೆ. ಎಳೆಯ ಮಕ್ಕಳು ನೋಡಿ, ಮುಟ್ಟಿ, ಆಡಿ ಕಲಿಯಬೇಕೆಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಆದರೆ ಕಾಲೇಜಿನ ಮೆಟ್ಟಿಲನ್ನೇರಿದೊಡನೆ ಅನುಭವವನ್ನೂ ಭಾವನೆಯನ್ನೂ ಹೊರಗಿರಿಸಿ ಕೇವಲ ಬುದ್ಧಿಬಲದಿಂದಲೇ ಕಲಿಯಬೇಕೆಂಬ ನಂಬಿಕೆ ಇನ್ನೂ ಬಲವಾಗಿದೆ. ಈ ನಂಬಿಕೆಯನ್ನು ತಮ್ಮ ಬದುಕಿನಿಂದಲೇ ಅಲ್ಲಗಳೆದವರು ಸ್ಕಾಟ್ಲೆಂಡಿನ ಆಚಾರ್ಯ ಪ್ಯಾಟ್ರಿಕ್ ಗೆಡ್ಡಿಸ್. ನಗರ ಯೋಜನೆಯ ಪ್ರವರ್ತಕರೆಂದು ಲೋಕವು ಅವರನ್ನು ಬಲ್ಲದು; ಆದರೆ ಮೊದಲಿನಿಂದ ಕಡೆಯವರೆಗೂ ಅವರು ಶಿಕ್ಷಕರೇ ಆಗಿದ್ದರು.

ಗೆಡ್ಡಿಸರು 1854ರ ಅಕ್ಟೋಬರ್ 2ರಂದು ಬ್ಯಾಲಟರ್ ಎಂಬ ಊರಿನಲ್ಲಿ ಸೈನಿಕರೊಬ್ಬರ ಮಗನಾಗಿ ಜನಿಸಿದರು. ಪರ್ತ್ ನಗರದ ಬಳಿ ತಂದೆಯೊಡನೆ ತೋಟದಲ್ಲಿ ದುಡಿಯುತ್ತ, ಸುತ್ತಲಿನ ಗುಡ್ಡಗಳನ್ನು ಅಲೆಯುತ್ತ ಬೆಳೆದದ್ದೇ ಅವರ ಮೊದಲ ವಿದ್ಯಾಭ್ಯಾಸ. ತಂದೆಯ ಇಚ್ಛೆಯಂತೆ ಕೆಲಕಾಲ ಬ್ಯಾಂಕಿನಲ್ಲಿದ್ದು, ಬಳಿಕ ಸಸ್ಯಶಾಸ್ತ್ರವನ್ನು ಕಲಿಯಲು 1874ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಒಣಗಿದ ಸಸ್ಯಗಳನ್ನು ಸೀಳಿ ಹೆಸರಿಡುವ ಪಾಠವನ್ನು ಕಂಡು ಒಂದೇ ವಾರದಲ್ಲಿ ಹೊರಬಿದ್ದರು. ಲಂಡನ್ನಿನಲ್ಲಿ ಥಾಮಸ್ ಹಕ್ಸ್ಲಿಯವರ ಬಳಿ ಜೀವಶಾಸ್ತ್ರವನ್ನು ಕಲಿತರೂ ಅವರು ಯಾವ ಪದವಿಯನ್ನೂ ಪಡೆಯಲಿಲ್ಲ.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಕಣ್ಣುಗಳಿಗೆ ವಿಪತ್ತು ಬಂದೊದಗಿತು. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಕಳೆಯಬೇಕಾಯಿತು. ದೃಷ್ಟಿಯೇನೋ ಮರಳಿತು, ಸೂಕ್ಷ್ಮದರ್ಶಕದ ಮುಂದೆ ಬಾಳನ್ನು ಕಳೆಯುವ ಆಸೆ ಮಾತ್ರ ಕಮರಿತು. ಕ್ರಮೇಣ ಅವರ ಜಿಜ್ಞಾಸೆ ಜೀವಾಣುವಿನಿಂದ ಜನಜೀವನದ ಕಡೆಗೆ ಹೊರಳಿತು.

1886ರಲ್ಲಿ ಆ್ಯನಾ ಮಾರ್ಟನ್ ಅವರನ್ನು ವಿವಾಹವಾದ ಮೇಲೆ ಈ ದಂಪತಿಗಳು ಉತ್ತಮ ಬಡಾವಣೆಯನ್ನು ಬಿಟ್ಟು, ಹಳೆಯ ಎಡಿನ್‌ಬರೋದ ಜೇಮ್ಸ್ ಕೋರ್ಟ್ ಎಂಬ ಕೊಳಕು ಕೇರಿಯಲ್ಲಿ ಮನೆ ಮಾಡಿದರು. ಗುಡಿಸಿ, ಸುಣ್ಣ ಬಳಿದು, ಕಿಟಕಿಗಳಲ್ಲಿ ಹೂಗಿಡಗಳನ್ನಿಟ್ಟು ತಾವೇ ಕೆಲಸಕ್ಕಿಳಿದರು, ನೆರೆಹೊರೆಯವರೂ ಕೈಗೂಡಿಸಿದರು. ಆ ನೆರೆಯಲ್ಲೇ 1887ರಲ್ಲಿ ವಿದ್ಯಾರ್ಥಿಗಳೇ ತಮ್ಮ ಆಡಳಿತವನ್ನು ನಡೆಸಿಕೊಳ್ಳುವ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ಬಡವರ ನಡುವೆ ವಾಸಿಸುವುದೇ ಆ ವಿದ್ಯಾರ್ಥಿಗಳಿಗೆ ಸಮಾಜಶಾಸ್ತ್ರದ ಮೊದಲ ಪಾಠವಾಯಿತು.

1892ರಲ್ಲಿ ಕೋಟೆಯ ಬಳಿಯ ಗೋಪುರವೊಂದನ್ನು ಕೊಂಡು ಅದನ್ನು ವಿದ್ಯಾಕೇಂದ್ರವಾಗಿ ಮಾರ್ಪಡಿಸಿದರು. ಬಂದವರನ್ನು ಮೊದಲು ನೆತ್ತಿಗೇ ಕರೆದೊಯ್ಯುತ್ತಿದ್ದರು. ಅಲ್ಲಿ ಕತ್ತಲ ಕೋಣೆಯ ಮೇಜಿನ ಮೇಲೆ ಇಡೀ ನಗರದ ಚಲಿಸುವ ಬಿಂಬ ಮೂಡುತ್ತಿತ್ತು. ಅಲ್ಲಿಂದ ಇಳಿಯುತ್ತ ಬಂದರೆ ಒಂದೊಂದು ಅಂತಸ್ತಿನಲ್ಲಿ ತಮ್ಮ ಊರು, ತಮ್ಮ ನಾಡು, ಯುರೋಪು, ಕೊನೆಗೆ ಜಗತ್ತು. ತನ್ನ ಊರನ್ನು ಕಂಡು ಬೆರಗುಗೊಳ್ಳದವನಿಗೆ ಜಗತ್ತಿನ ಜ್ಞಾನ ದಕ್ಕದೆಂಬುದು ಇದರ ತಾತ್ಪರ್ಯ.

ಪದವಿಯಿಲ್ಲದ ಈ ವಿದ್ವಾಂಸರಿಗೆ ಪೀಠ ದೊರೆತದ್ದು ಒಬ್ಬ ದಾನಿಯಿಂದ. ಜೇಮ್ಸ್ ಮಾರ್ಟಿನ್ ವೈಟ್ ಎಂಬ ಸಹೃದಯರು ನೀಡಿದ ದತ್ತಿಯಿಂದ 1888ರಲ್ಲಿ ಡಂಡಿ ನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪೀಠವು ಸ್ಥಾಪನೆಯಾಯಿತು. ಬೇಸಿಗೆಯಲ್ಲಿ ಮಾತ್ರ ಪಾಠ. ಉಳಿದ ತಿಂಗಳುಗಳು ಅವರ ಇತರ ಕಾರ್ಯಗಳಿಗೆ. 1919ರವರೆಗೆ ಅವರು ಆ ಪೀಠದಲ್ಲಿದ್ದರು. ಓದು, ಬರಹ, ಲೆಕ್ಕಗಳೆಂಬ ಹಳೆಯ ತ್ರಯಕ್ಕೆ ಪ್ರತಿಯಾಗಿ ಹೃದಯ, ಹಸ್ತ, ಮಸ್ತಕಗಳೆಂಬ ತ್ರಯವನ್ನು ಅವರು ಮುಂದಿಟ್ಟರು. ಈ ಅನುಕ್ರಮವು ಗಮನಾರ್ಹ. ಮೊದಲು ವಸ್ತುವಿನಲ್ಲಿ ಪ್ರೀತಿ ಹುಟ್ಟಬೇಕು. ಪ್ರೀತಿಯು ಕೈಯನ್ನು ಕೆಲಸಕ್ಕೆ ಹಚ್ಚಬೇಕು. ಆ ಕೆಲಸದಿಂದ ವಿಚಾರವು ಮೂಡಬೇಕು.

ಗೆಡ್ಡಿಸರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವರ ದನಿ ಗಡ್ಡದೊಳಗೇ ಅಡಗಿ ಕೇಳುಗರನ್ನು ದಣಿಸುತ್ತಿತ್ತು. ಹತ್ತು ಕಾರ್ಯಗಳನ್ನು ಆರಂಭಿಸಿ ಪೂರೈಸದೆ ಬಿಡುತ್ತಿದ್ದರು. ಹಣದ ಲೆಕ್ಕದಲ್ಲಿ ಮಿತ್ರರನ್ನು ಪೇಚಿಗೆ ಸಿಲುಕಿಸುತ್ತಿದ್ದರು. ಆದರೂ ಅವರ ಸಂಗಡ ಒಂದು ಬೀದಿಯಲ್ಲಿ ನಡೆದವರು ಆ ಬೀದಿಯನ್ನು ಮತ್ತೆ ಹಳೆಯ ಕಣ್ಣಿನಿಂದ ಕಾಣುತ್ತಿರಲಿಲ್ಲ.

1914ರಲ್ಲಿ ಅವರು ಭಾರತಕ್ಕೆ ಬಂದರು. ನಗರಗಳನ್ನು ಕುರಿತ ಅವರ ಅಮೂಲ್ಯ ಪ್ರದರ್ಶನ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನರ ಎಮ್ಡೆನ್ ನೌಕೆ ಮುಳುಗಿಸಿತು. ಅವರು ಎದೆಗುಂದದೆ ಹೊಸ ಸಾಮಗ್ರಿಯನ್ನು ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ನಡೆಸಿದರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯನ್ನು ಕುರಿತೂ ಅವರು ವರದಿ ಬರೆದಿದ್ದಾರೆ.

1917ನೆಯ ವರ್ಷ ಅವರ ಪಾಲಿಗೆ ಕ್ರೂರವಾಗಿ ಪರಿಣಮಿಸಿತು. ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದ ವಾರ್ತೆ ಬಂದಾಗ ಪತ್ನಿ ಆ್ಯನಾ ಇಲ್ಲಿಯೇ ಕಾಯಿಲೆಯಿಂದ ನರಳುತ್ತಿದ್ದರು. ರೋಗಿಯ ಜೀವಕ್ಕೆ ಅಪಾಯವಾದೀತೆಂದು ಗೆಡ್ಡಿಸರು ಆ ಸುದ್ದಿಯನ್ನು ಒಳಗೇ ನುಂಗಿ, ಮಗನ ಹಳೆಯ ಪತ್ರಗಳನ್ನೇ ಓದಿ ಹೇಳುತ್ತಿದ್ದರು. ಜೂನ್ ತಿಂಗಳಲ್ಲಿ ಆ ಸಾಧ್ವಿಯು ಪುತ್ರಮರಣದ ಅರಿವಿಲ್ಲದೆಯೇ ಕಣ್ಮುಚ್ಚಿದರು. ಕಲಿಕೆಯಲ್ಲಿ ಹೃದಯಕ್ಕೆ ಮೊದಲ ಸ್ಥಾನವನ್ನು ಕೊಟ್ಟವರ ಹೃದಯವೇ ಬಿರಿದ ಕಾಲವದು. ಆದರೂ ಅವರು ಜನರ ನಡುವಿನ ಕೆಲಸವನ್ನು ಬಿಡಲಿಲ್ಲ.

ಆ ಕೆಲಸದ ರೀತಿಗೆ ಇಂದೂರು ಸಾಕ್ಷಿ. ಪ್ಲೇಗಿನಿಂದ ತತ್ತರಿಸಿದ ಆ ನಗರದಲ್ಲಿ ಆರೋಗ್ಯದ ಉಪದೇಶ ಫಲಿಸದೆಂದು ಬಗೆದ ಅವರು ದೀಪಾವಳಿಯ ಮೆರವಣಿಗೆಯನ್ನೇ ಪಾಠಶಾಲೆಯನ್ನಾಗಿಸಿದರು. ಅತಿ ಹೆಚ್ಚು ಮನೆಗಳು ಸ್ವಚ್ಛಗೊಂಡ ಬೀದಿಯಲ್ಲೇ ಮೆರವಣಿಗೆ ಸಾಗುವುದೆಂದು ಸಾರಿಸಿದರು. ಜನ ಪೈಪೋಟಿಯಿಂದ ಕಸ ತೆಗೆದರು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸನೂ ಪ್ಲೇಗಿನ ದೈತ್ಯ ಇಲಿಯೂ ಬಂದುವು. ಅವುಗಳ ಹಿಂದೆ ಶುಭ್ರ ವಸ್ತ್ರ ಧರಿಸಿದ ನಗರದ ಜಾಡಮಾಲಿಗಳು ಗೌರವದಿಂದ ನಡೆದುಬಂದರು. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಸುಡಲಾಯಿತು. ಭಯದಿಂದ ಕಲಿಯದ ಪಾಠವನ್ನು ಜನ ಉಲ್ಲಾಸದಿಂದ ಕಲಿತರು. 1918ರಲ್ಲಿ ಪ್ರಕಟವಾದ ಇಂದೂರಿನ ವರದಿಯಲ್ಲಿ ವಿಶ್ವವಿದ್ಯಾಲಯವು ಹೇಗಿರಬೇಕೆಂಬುದನ್ನೂ ಅವರು ವಿಸ್ತಾರವಾಗಿ ವಿವೇಚಿಸಿದ್ದಾರೆ.

1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರ ವಿಭಾಗಕ್ಕೆ ಅವರು ಪ್ರಥಮ ಪ್ರಾಧ್ಯಾಪಕರಾದರು. ಧಾರವಾಡದ ಕರ್ನಾಟಕ ಕಾಲೇಜೂ ಆಗ ಅದೇ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1924ರಲ್ಲಿ ಅನಾರೋಗ್ಯದಿಂದ ಭಾರತವನ್ನು ಬಿಟ್ಟು, ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ಸ್ಕಾಟರ ಕಾಲೇಜನ್ನು ಕಟ್ಟತೊಡಗಿದರು. ಅಲ್ಲಿಯೂ ತೋಟವೇ ತರಗತಿ. 1932ರ ಏಪ್ರಿಲ್ 17ರಂದು ಅಲ್ಲಿಯೇ ಅವರ ದೇಹಾಂತ್ಯವಾಯಿತು.

ಅವರು ಆರಂಭಿಸಿದ ಕಾರ್ಯಗಳಲ್ಲಿ ಅನೇಕವು ಅಪೂರ್ಣವಾಗಿಯೇ ಉಳಿದುವು. ಆದರೆ ವಿದ್ಯಾಸಂಸ್ಥೆಗಳನ್ನು ಕಟ್ಟುವವರಿಗೆ, ಪೋಷಿಸುವವರಿಗೆ, ಅಲ್ಲಿ ಪಾಠ ಹೇಳುವವರಿಗೆ ಅವರ ಜೀವನವು ಒಂದು ಮಾತನ್ನು ನೆನಪಿಸುತ್ತದೆ. ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆಗಳು ಅವಶ್ಯ. ಆದರೆ ತನ್ನ ಊರಿನ ಸುಖದುಃಖಗಳಿಗೆ ಮಿಡಿಯದ ವಿದ್ಯಾರ್ಥಿಯು ಎಷ್ಟು ಓದಿದರೂ ಆ ಓದು ಅರ್ಧವೇ. ಹೃದಯವು ಮೊದಲು ಕಲಿತರೆ ಹಸ್ತ, ಮಸ್ತಕಗಳು ಅದನ್ನು ಹಿಂಬಾಲಿಸುತ್ತವೆ.